ನಲ್ಲಿಕಟ್ಟೆಯಾಚೆ

ಗೋಪುರ ಹತ್ತುವ ಪರೀಕ್ಷೆಯಲ್ಲಿ ನಾನು ಫೇಲಾದೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾನು ಮೆಟ್ಟಿಲಿಳಿದು ಕೆಳಗೆ ಬರುವಷ್ಟರಲ್ಲಿ ಸುದ್ದಿ ನಮ್ಮ ಅಗ್ನಿಶಾಮಕ ಠಾಣೆಯ ಅಡುಗೆಮನೆಯವರೆಗೂ ಮುಟ್ಟಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ ಆರು ಮಹಡಿಯ ಕಾಂಕ್ರೀಟು ಗೋಪುರವಿದೆ. ಕಿಟಕಿಗಳಿಗೆ ಬಾಗಿಲಿಲ್ಲ, ಗೋಡೆಗಳೆಲ್ಲ ಹೊಗೆ ಹಿಡಿದು ಕಪ್ಪಾಗಿವೆ. ಹೆಲ್ಮೆಟ್ಟು, ದಪ್ಪ ಕೋಟು, ಬೂಟು ತೊಟ್ಟು, ಸುರುಳಿ ಸುತ್ತಿದ ನೀರಿನ ಪೈಪನ್ನು ಹೆಗಲಿಗೇರಿಸಿ, ಹೇಳಿದ ಸಮಯದೊಳಗೆ ತುದಿ ತಲುಪಿ ಅಲ್ಲಿ ತೂಗುಹಾಕಿರುವ ಗಂಟೆ ಬಾರಿಸಬೇಕು. ವರ್ಷಕ್ಕೊಂದು ಸಲ ಎಲ್ಲರಿಗೂ ಇದು ತಪ್ಪಿದ್ದಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ವರ್ಷ ನಾನು ಆ ಗಂಟೆ ಬಾರಿಸಿದ್ದೇನೆ, ಆದರೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತಡವಾಗಿ. ಈ ಸಲ ಗಂಟೆಯ ಹಗ್ಗ ಕೈಗೆ ಸಿಗುವ ಮೊದಲೇ ಕೆಳಗೆ ಸೀಟಿ ಊದಿಯಾಗಿತ್ತು.

ಸೀಟಿ ಊದಿದವರು ನಮ್ಮ ಮುಖ್ಯಸ್ಥರು. ಊಟಕ್ಕೆ ಕೂತಾಗಲೂ ಸೀಟಿ ಅವರ ಕೊರಳಲ್ಲೇ ನೇತಾಡುವುದರಿಂದ ಬೆನ್ನ ಹಿಂದೆ ನಾವೆಲ್ಲ ಅವರನ್ನು ಸೀಟಿ ಸಾಹೇಬರೆಂದೇ ಕರೆಯುವುದು. ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಮೂರನೇ ಮಹಡಿ ತನಕ ನಿಮ್ಮಷ್ಟು ಬೇಗ ಯಾರೂ ಹತ್ತಲ್ಲ. ಆಮೇಲೆ ಏನಾಗತ್ತೆ ನಿಮಗೆ?"

"ವಯಸ್ಸಾಗತ್ತೆ ಸರ್."

ಅವರು ನಗಲಿಲ್ಲ. "ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಡ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ಫೋನಿನ ಕೋಣೆ. ನನಗೂ ಇಷ್ಟ ಇಲ್ಲ, ಆದ್ರೆ ನಿಯಮ ನಿಯಮಾನೇ."

ಫೋನಿನ ಕೋಣೆ ಕೆಟ್ಟ ಜಾಗವೇನಲ್ಲ. ಕುರ್ಚಿಗೆ ಮೆತ್ತನೆಯ ದಿಂಬಿದೆ, ಕಿಟಕಿಯಲ್ಲಿ ಒಂದು ಗಿಡದ ಕುಂಡವಿದೆ, ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಬೆಂಕಿ ಎಲ್ಲಿ, ಯಾವ ಬೀದಿ, ಒಳಗೆ ಎಷ್ಟು ಜನ ಎಂದು ಕೇಳಿ ಗಾಡಿ ಕಳಿಸುವುದು ಅಲ್ಲಿನ ಕೆಲಸ, ದೊಡ್ಡ ಕೆಲಸವೇ. ಆದರೆ ಗಾಡಿ ಗೇಟು ದಾಟುವಾಗ ನಾನು ಅದರೊಳಗಿರಬೇಕು. ಬೇರೆಯವರನ್ನು ಬೆಂಕಿಗೆ ಕಳಿಸಿ ನಾನು ದಿಂಬಿನ ಮೇಲೆ ಕೂರಲಾರೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಅದರ ಬಗ್ಗೆ ಕೊರಗೂ ಇಲ್ಲ. ಆ ಗಾಡಿಯಲ್ಲಿನ ಸೀಟು ಮಾತ್ರ ಬೇಕು.

ಅಂದು ಸಂಜೆಯೇ ಅಕ್ಕನ ಟೈಲರಿಂಗ್ ಅಂಗಡಿಗೆ ಹೋದೆ. ಅವಳು ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದಳು. ಬಾಯ ತುಂಬ ಗುಂಡುಪಿನ್ನು. ಎಲ್ಲವನ್ನೂ ಹೇಳಿದೆ. ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ಕೇಳಿದಳು, "ಈಗೇನು ಮಾಡ್ತೀಯ?"

"ಏರು ಓಡ್ತೀನಿ. ಮೇಲಕ್ಕೆ ಓಡೋದು, ಕೆಳಗೆ ನಡ್ಕೊಂಡು ಬರೋದು, ಮತ್ತೆ ಓಡೋದು. ಕಾಲು ಮಾತು ಕೇಳೋ ತನಕ."

"ಈ ಊರಲ್ಲಿ ಏರು ಎಲ್ಲಿದೆ? ಚಪಾತಿ ಲಟ್ಟಿಸಿದ ಹಾಗಿದೆ."

ನಿಜ. ನಮ್ಮ ಊರು ಅಂಗೈಯಷ್ಟು ಸಮತಟ್ಟು. ನನಗೆ ಚೆನ್ನಾಗಿ ಗೊತ್ತಿದ್ದ ಏರು ಜಗತ್ತಿನಲ್ಲಿ ಒಂದೇ. ಚಿಕ್ಕವರಿದ್ದಾಗ ರಜೆಯಲ್ಲಿ ಅಪ್ಪ ಅಮ್ಮ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಸಮುದ್ರದೂರಿನದು. ತೀರದಿಂದ ಶುರುವಾಗಿ, ಎರಡೂ ಕಡೆ ಮನೆಗಳ ಗೋಡೆ ಸವರಿಕೊಂಡು, ತುದಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಬಾಗಿಲಿಗೇ ಹೋಗಿ ನಿಲ್ಲುವ ಕಲ್ಲುಹಾಸಿನ ದಾರಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕನಿಗೆ ಗೊತ್ತಾಯಿತು. ಅವಳು ಮೆಷಿನ್ನಿಗೆ ಮುಸುಕು ಹೊದಿಸಿ, "ಒಂದು ವಾರ ಅಂಗಡಿ ಮುಚ್ಚಿದ್ರೆ ಯಾರೂ ಬೆತ್ತಲೆ ತಿರುಗಲ್ಲ" ಎಂದಳು.

ಅಮ್ಮನಿಗೆ ಹೇಳಿದಾಗ ಅವಳು ಸುಮ್ಮನೆ ಎದ್ದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಎಪ್ಪತ್ತು ದಾಟಿದವಳು, ಏದುಸಿರಿನವಳು, ಅಷ್ಟು ದೂರ ಏಕೆ ಎಂದು ಅಕ್ಕ ಕೇಳಿದ್ದಕ್ಕೆ, "ನಿಮ್ಮಿಬ್ಬರನ್ನೇ ಬಿಟ್ರೆ ಎರಡನೇ ದಿನಕ್ಕೆ ಜುಟ್ಟು ಹಿಡ್ಕೋತೀರ" ಎಂದಳು. ಅದೂ ನಿಜವೇ.

ಅದೇ ಮನೆ ಸಿಕ್ಕಿತು. ಒಡೆಯರು ಬದಲಾಗಿದ್ದರು, ಕಿಟಕಿಗಳಿಗೆ ಹೊಸ ನೀಲಿ ಬಣ್ಣ ಬಂದಿತ್ತು. ಆದರೆ ಹಿಂಬಾಗಿಲಿನ ಚಿಲಕ ಹಳೆಯದೇ, ಎತ್ತಿ ಎಡಕ್ಕೆ ತಳ್ಳಿದರೆ ಮಾತ್ರ ತೆರೆಯುವಂಥದು. ಮೂವರೂ ಯೋಚಿಸದೆಯೇ ಎತ್ತಿ ತಳ್ಳಿದೆವು. ಕೋಣೆಯ ಮೂಲೆಯಲ್ಲಿ ನಾನೂ ಅಕ್ಕನೂ ಮಲಗುತ್ತಿದ್ದ ಮಂಚ ಈಗ ನಮ್ಮಲ್ಲಿ ಒಬ್ಬರಿಗೇ ಸಾಲದು. ಅಕ್ಕ ಅದರ ಮೇಲೆ ಕೂತು ನೋಡಿದಳು, ಮಂಚ ಕಿರುಗುಟ್ಟಿತು, ಅವಳು ಎದ್ದು ನೆಲದ ಮೇಲೆ ಹಾಸಿಗೆ ಬಿಡಿಸಿದಳು.

ಮರುದಿನ ಬೆಳಿಗ್ಗೆ ಅಕ್ಕ ನನಗೊಂದು ಉಡುಗೊರೆ ಕೊಟ್ಟಳು. ಪೈಪಿನ ಸುರುಳಿಯ ಬದಲಿಗೆ ಹೊರಲು ಅವಳೇ ಹೊಲಿದು ತಂದ ಉದ್ದನೆಯ ಚೀಲ. ಅಂಗಡಿಯಲ್ಲಿ ಉಳಿದಿದ್ದ ಪರದೆ ಬಟ್ಟೆಯದು, ಮೈ ತುಂಬ ಗುಲಾಬಿ ಹೂವು. ತೀರದ ಮರಳು ತುಂಬಿ, ಬಾಯಿ ಹೊಲಿದು, ಹೆಗಲ ಮೇಲೆ ಹೇರಿದಳು.

"ಇದನ್ನ ಹೊತ್ಕೊಂಡು ಓಡಿದ್ರೆ ಜನ ನಗ್ತಾರೆ ಕಣೆ."

"ನಗೋರು ಎರಡು ಸಲ ಹತ್ತಿ ತೋರಿಸ್ಲಿ."

ನೆನಪಿನಲ್ಲಿ ದೊಡ್ಡದಾಗಿದ್ದ ದಾರಿ ಬೆಳೆದ ಮೇಲೆ ನೋಡಿದರೆ ಗಿಡ್ಡವಾಗಿ ಕಾಣುತ್ತದೆ ಎನ್ನುತ್ತಾರೆ. ಶುದ್ಧ ಸುಳ್ಳು. ಬುಡದಲ್ಲಿ ನಿಂತು ಕತ್ತೆತ್ತಿದಾಗ ಅದು ಉದ್ದವೂ ಆಗಿತ್ತು, ಕಡಿದೂ ಆಗಿತ್ತು. ಚಿಕ್ಕಂದಿನಲ್ಲಿ ನಾವು ಇದನ್ನು ಆಟವಾಡುತ್ತ ಹತ್ತುತ್ತಿದ್ದೆವಲ್ಲ ಎಂದು ನನ್ನ ಮೇಲೆ ನನಗೇ ರೇಗಿತು.

ಅಪ್ಪ ಸಿಟಿ ಬಸ್ಸಿನ ಡ್ರೈವರ್ ಆಗಿದ್ದರು. ವರ್ಷವಿಡೀ ಸ್ಟೀರಿಂಗ್ ಹಿಡಿದವರಿಗೆ ರಜೆಯಲ್ಲಿ ಚಕ್ರವಿರುವ ಯಾವುದನ್ನು ಕಂಡರೂ ಆಗುತ್ತಿರಲಿಲ್ಲ. ಆದ್ದರಿಂದ ಇಲ್ಲಿ ನಡಿಗೆಯೇ ನಡಿಗೆ. ಸಂಜೆ ಒದ್ದೆ ಟವೆಲ್ಲು ಕೊರಳಿಗೆ ಸುತ್ತಿಕೊಂಡು ಏರಿನ ಬುಡದಲ್ಲಿ ಅವರು ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಅದು ಕೇಳಿದ್ದೇ ತಡ, ಅಕ್ಕನೂ ನಾನೂ ಕಾಲಿಗೆ ಬುದ್ಧಿ ಹೇಳಬೇಕು. ಅರ್ಧ ದಾರಿಯಲ್ಲಿ ಒಂದು ಬೀದಿ ನಲ್ಲಿ, ಅದಕ್ಕೊಂದು ಸಿಮೆಂಟು ಕಟ್ಟೆ. ಮೊದಲು ನಲ್ಲಿ ಮುಟ್ಟಿದವರು ಗೆದ್ದಂತೆ. ಹಿಂದಿನಿಂದ ಅಮ್ಮನ ಜೊತೆ ನಿಧಾನವಾಗಿ ಬರುತ್ತ ಅಪ್ಪ ಬಸ್ಸಿನ ದನಿಯಲ್ಲಿ ಕೂಗುತ್ತಿದ್ದರು, "ಕೊನೇ ಸ್ಟಾಪು, ಕೊನೇ ಸ್ಟಾಪು, ಎಲ್ಲರೂ ಇಳ್ಕೊಳ್ಳಿ." ಅಮ್ಮ ಕಟ್ಟೆಯ ಮೇಲೆ ಕೂತು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಳು, ಕುಡಿಯುತ್ತಲೇ ಇರುತ್ತಿದ್ದಳು. ಅವಳು ಏಳುವ ಹೊತ್ತಿಗೆ ಅಪ್ಪ ಗಂಭೀರವಾಗಿ, "ಬಸ್ಸು ಕೆಟ್ಟಿದೆ, ಇಲ್ಲಿಂದ ನಡ್ಕೊಂಡೇ ಹೋಗ್ಬೇಕು" ಎನ್ನುತ್ತಿದ್ದರು. ನಾಲ್ಕೂ ಜನ ಕೈ ಕೈ ಹಿಡಿದು, ಹಾಡು ಹೇಳಿಕೊಂಡು, ಆಮೆಯ ಹಾಗೆ ಉಳಿದ ಏರು ಹತ್ತುತ್ತಿದ್ದೆವು. ಅಪ್ಪ ಹೋಗಿ ಈಗ ಬಹಳ ವರ್ಷವಾಯಿತು. ಆ ಓಟದಲ್ಲಿ ಪ್ರತಿ ಸಲ ಗೆಲ್ಲುತ್ತಿದ್ದವಳು ನಾನೇ, ಅಕ್ಕನೂ ಇದನ್ನು ಒಪ್ಪುತ್ತಾಳೆ, ಒಲ್ಲದ ಮನಸ್ಸಿನಿಂದ.

ಮೊದಲ ದಿನ ಗುಲಾಬಿ ಚೀಲ ಹೊತ್ತು ಓಡಿದೆ. ಬಾಣದ ಹಾಗೆ ಹೊರಟವಳು ಅರ್ಧ ದಾರಿ ಕಳೆಯುತ್ತಿದ್ದಂತೆ ನೆಲ ಕಚ್ಚಿದೆ. ಜೀವ ಬಾಯಿಗೆ ಬಂತು. ಉಳಿದದ್ದನ್ನು ಗೋಡೆ ಹಿಡಿದುಕೊಂಡು ಏರಿದೆ. ಇಳಿದೆ, ಮತ್ತೆ ಓಡಿದೆ, ಮತ್ತೆ ಅದೇ ಕಥೆ. ಅಂದು ರಾತ್ರಿ ಬ್ರೆಡ್ಡಿನ ತುಂಡು ಬಾಯಿಗಿಡಲೂ ತೋಳು ಏಳಲಿಲ್ಲ. ಅಮ್ಮ ಕಾಲಿಗೆ ಎಣ್ಣೆ ತಿಕ್ಕಿದಳು. ಎರಡನೇ ದಿನವೂ ಹಾಗೇ ಆಯಿತು. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಠಾಣೆಯಲ್ಲಿ ಹೇಳುತ್ತಾರೆ. ಆ ದಿನ ಮೂಗಿನ ತುದಿಯಿಂದಲೂ ಜಾರಿತ್ತು, ಅಕ್ಕ ಕೊಟ್ಟ ನೀರಿನ ಬಾಟಲಿಯನ್ನು ಎಸೆದುಬಿಟ್ಟೆ. ಅವಳು ಹೋಗಿ ಎತ್ತಿಕೊಂಡು ಬಂದು, ಮಣ್ಣು ಒರೆಸಿ, ಮತ್ತೆ ಕೈಗೆ ಕೊಟ್ಟಳು.

ಮೂರನೇ ದಿನ ಅಕ್ಕ ಸೂಜಿದಾರ ಬಿಟ್ಟು ಟೈಲರ್ ಚಾಕ್‌ಪೀಸು ಹಿಡಿದು ಬಂದಳು. ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ಸುಣ್ಣದ ಬಿಲ್ಲೆ, ಅವಳ ಜೇಬಿನಲ್ಲಿ ಅದು ಸದಾ ಇರುತ್ತದೆ. "ನೀನು ಓಡು, ನಾನು ನೋಡ್ಕೋತೀನಿ" ಎಂದಳು. ನಾನು ಒಂದೊಂದು ಸಲ ಹತ್ತಿ ಇಳಿದಾಗಲೂ ಅವಳು ಬಗ್ಗಿ ಕಲ್ಲುಹಾಸಿನ ಮೇಲೆ ಬಿಳಿ ಗೆರೆಯೊಂದನ್ನು ಎಳೆಯುತ್ತಿದ್ದಳು. ಏನೆಂದು ಕೇಳಿದರೆ ಹೇಳಲಿಲ್ಲ. ನಾನು ಇನ್ನು ಒಂದು ಹೆಜ್ಜೆಯೂ ಇಡಲಾರೆ ಎಂದು ಕೂತಾಗ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು.

ಗೆರೆಗಳೆಲ್ಲ ಒಂದೇ ಕಡೆ ಇದ್ದವು. ಒಂದರ ಪಕ್ಕ ಒಂದು, ಬೆರಳಗಲ ಬಿಟ್ಟು, ನೆರಿಗೆ ಹಿಡಿಯಲು ಹಾಕಿದ ಗುರುತುಗಳಂತೆ.

"ಇದು ನಿನ್ನ ಹೆಜ್ಜೆ ಗಿಡ್ಡ ಆಗೋ ಜಾಗ" ಎಂದಳು ಅಕ್ಕ. "ಸುಸ್ತಾಗಿ ನಿಲ್ಲೋಳಾಗಿದ್ರೆ ಮೊದಲನೇ ಸಲ ಮೇಲೆ, ಕೊನೇ ಸಲ ಕೆಳಗೆ ನಿಲ್ಬೇಕಿತ್ತು. ಮೈ ತುಂಬ ಶಕ್ತಿ ಇದ್ದಾಗ್ಲೂ ಇಲ್ಲೇ, ಸತ್ತುಹೋಗೋ ಹಾಗಾದಾಗ್ಲೂ ಇಲ್ಲೇ. ಇದು ಸುಸ್ತಲ್ಲ ಕಣೆ, ಅಭ್ಯಾಸ. ಪಕ್ಕದಲ್ಲಿ ಏನಿದೆ ನೋಡು."

ಗೋಡೆಗೆ ಒರಗಿಕೊಂಡು ಸಿಮೆಂಟಿನ ಕಟ್ಟೆಯೊಂದು ಇತ್ತು. ನಲ್ಲಿಯಿಲ್ಲ. ಕತ್ತರಿಸಿದ ಪೈಪಿನ ತುಂಡು ಮಾತ್ರ ಹೊರಗೆ ಇಣುಕುತ್ತಿತ್ತು. ಮೂರು ದಿನ ಅದರ ಪಕ್ಕದಲ್ಲೇ ಸತ್ತು ಬದುಕಿದವಳು ನಾನು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಕಾಲು ನೋಡಿತ್ತು.

ಮೂರನೇ ಮಹಡಿ ನೆನಪಾಯಿತು. ಆರರಲ್ಲಿ ಅರ್ಧ. ಪ್ರಾಯದಲ್ಲಿ ಉಳಿದರ್ಧವನ್ನು ಹೇಗೋ ತಳ್ಳಿಕೊಂಡು ಹೋಗುತ್ತಿದ್ದೆ, ಈಗ ತಳ್ಳಲು ಏನೂ ಉಳಿದಿರಲಿಲ್ಲ. ನಾನು ಜೀವಮಾನವಿಡೀ ಎಲ್ಲ ಏರನ್ನೂ ನಲ್ಲಿಯ ತನಕ ಮಾತ್ರ ಓಡುತ್ತ ಬಂದಿದ್ದೆ. ಗೆದ್ದಾಯಿತು, ಇನ್ನೇನಿದ್ದರೂ ಕೈ ಹಿಡಿದು ನಡೆಯುವುದು ಎಂದು ಕಾಲು ತಿಳಿದುಕೊಂಡಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಇದನ್ನು ನಗುನಗುತ್ತ ಅಮ್ಮನಿಗೆ ಹೇಳಿದಳು. ನಾನೂ ದನಿಗೂಡಿಸಿದೆ. "ಎಲ್ಲಾ ಅಪ್ಪನ ಕಿತಾಪತಿ. ಅರ್ಧ ದಾರೀಲಿ ಯಾರಾದ್ರೂ ಕೊನೇ ಸ್ಟಾಪು ಇಡ್ತಾರಾ?"

ಅಮ್ಮ ನಗಲಿಲ್ಲ. ಕೈಯಲ್ಲಿದ್ದ ಚಮಚ ಕೆಳಗಿಟ್ಟಳು.

"ಅದು ನನಗೋಸ್ಕರ ಇಟ್ಟಿದ್ದು."

ನಾವಿಬ್ಬರೂ ಅವಳ ಮುಖ ನೋಡಿದೆವು.

"ನನ್ನ ಏದುಸಿರು ಈಗಿಂದಲ್ಲ. ನೀನು ಹುಟ್ಟಿದ ಮೇಲೆ ಶುರುವಾಗಿದ್ದು. ಆ ನಲ್ಲಿ ತನಕ ಬರೋಷ್ಟರಲ್ಲಿ ಕಣ್ಣು ಕತ್ತಲೆ ಬರೋದು. ನೀವು ಸೀದಾ ಮನೆ ತನಕ ಓಡಿಹೋಗಿದ್ರೆ ನಾನೊಬ್ಬಳೇ ಗೋಡೆ ಹಿಡ್ಕೊಂಡು ಹಿಂದೆ ಉಳೀತಿದ್ದೆ. ತಿರುಗಿ ನೋಡಿ ನೀವು ಹೆದರ್ಕೋತಿದ್ರಿ. ಅದಕ್ಕೆ ನಿಮ್ಮಪ್ಪ ಓಟ ಅಲ್ಲಿಗೇ ಮುಗಿಸಿಬಿಟ್ರು. ನನಗೆ ಬಾಯಾರಿಕೇನೂ ಇರ್ತಿರ್ಲಿಲ್ಲ. ನೀರು ಕುಡಿಯೋ ಹಾಗೆ ನಟಿಸ್ತಿದ್ದೆ."

ಅಕ್ಕ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು. ಬಸ್ಸು ಕೆಟ್ಟಿದೆ ಎಂದು ಅಪ್ಪ ಹೇಳುವಾಗ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವಲ್ಲ, ಆಗೆಲ್ಲ ಅಮ್ಮ ಉಸಿರು ಹುಡುಕುತ್ತಿದ್ದಳು. ಅವರಿಬ್ಬರ ಮೇಲೆ ಪ್ರೀತಿ ಉಕ್ಕಿಬಂತು, ಹೇಳದೆ ಇದ್ದದ್ದಕ್ಕೆ ಸಿಟ್ಟೂ ಬಂತು.

"ಮೊದ್ಲೇ ಹೇಳಬಾರದಿತ್ತಾ?"

"ಯಾಕೆ ಹೇಳ್ಬೇಕು? ಹಾಡು ಹೇಳ್ಕೊಂಡು ಹತ್ತೋದು ನನಗೆ ಇಷ್ಟ ಆಗ್ತಿತ್ತು" ಎಂದಳು ಅಮ್ಮ. "ಆದ್ರೆ ಅದು ನಿನ್ನ ಕಾಲಿಗೆ ಇಷ್ಟು ಗಟ್ಟಿಯಾಗಿ ಅಂಟ್ಕೊಂಡಿದೆ ಅಂತ ಗೊತ್ತಿರ್ಲಿಲ್ಲ."

ಕಾರಣ ಗೊತ್ತಾದ ಮಾತ್ರಕ್ಕೆ ಕಾಲು ಬದಲಾಗುವುದಿಲ್ಲ. ಮರುದಿನ ಅಕ್ಕ ಬುಡದಲ್ಲೇ ಸುಣ್ಣದ ಬಿಲ್ಲೆ ಹಿಡಿದು ನಿಂತು, ಇಲ್ಲಿಂದ ಇಲ್ಲಿಗೆ ಒಂದು ಹೆಜ್ಜೆ, ಇದಕ್ಕಿಂತ ದೊಡ್ಡದಿಟ್ಟರೆ ಕತ್ತರಿಸಿ ಹಾಕುತ್ತೇನೆ ಎಂದು ಗುರುತು ಹಾಕಿಕೊಟ್ಟಳು. ಗುರುತು ಮೀರದೆ ನಿಧಾನವಾಗಿ ಹೊರಡುವುದು ನನಗೆ ಶಿಕ್ಷೆಯಾಯಿತು. ಬೆಳಗಿನ ಹಾಲು ತರಲು ಹೊರಟ ಮುದುಕರೊಬ್ಬರು ನನ್ನನ್ನು ದಾಟಿಕೊಂಡು ಹೋದರು, ಹೋಗುವಾಗ ಗುಲಾಬಿ ಚೀಲವನ್ನು ಮೆಚ್ಚಿಕೊಂಡರು. ಹಲ್ಲು ಕಚ್ಚಿಕೊಂಡು ಗುರುತಿನ ಮೇಲೆಯೇ ಹೆಜ್ಜೆ ಇಟ್ಟೆ. ಅರ್ಧ ದಾರಿಯಲ್ಲಿ ಉಸಿರು ಇನ್ನೂ ಹತೋಟಿಯಲ್ಲೇ ಇತ್ತು. ಹೀಗಿದ್ದೂ ಕಟ್ಟೆ ಹತ್ತಿರವಾಗುತ್ತಿದ್ದಂತೆ ಕಾಲು ತಾನಾಗಿಯೇ ಸೋತಿತು. ಯಾರೋ ಬ್ರೇಕು ಒತ್ತಿದಂತೆ. ಬೈದೆ, ಗುದ್ದಿದೆ, ಇಳಿದು ಹೋಗಿ ಮತ್ತೆ ಬಂದೆ. ಆ ದಿನವೂ ಅದರ ಮರುದಿನವೂ ಪಟ್ಟು ಬಿಡದೆ ಓಡಿದೆ. ಬಿಳಿ ಗೆರೆ ಒಂದೆರಡು ಮಾರು ಮೇಲಕ್ಕೆ ಸರಿಯಿತು, ಅಷ್ಟೇ.

ಹೊರಡುವ ಹಿಂದಿನ ದಿನ ನಾನು ಬುಡದಲ್ಲಿ ಚೀಲ ಹೆಗಲಿಗೇರಿಸುತ್ತಿದ್ದಾಗ ಅಮ್ಮ ಬಂದಳು. ಕೈಯಲ್ಲಿ ಕೋಲು, ಕಾಲಲ್ಲಿ ಅಕ್ಕನ ಕ್ಯಾನ್ವಾಸ್ ಶೂ.

"ನಾನು ಮುಂದೆ ಹೋಗಿರ್ತೀನಿ. ನಾನು ಕಟ್ಟೆ ಹತ್ರ ಕೂತ ಮೇಲೆ ಶುರು ಮಾಡು."

ಬೇಡವೆಂದು ಅಕ್ಕ ಅಂದಳು, ನಾನೂ ಅಂದೆ. ಹಟದಲ್ಲಿ ನಾನು ಯಾರ ಮಗಳು ಎಂದು ಆಗ ತಿಳಿಯಿತು. ಅವಳು ಗೋಡೆ ಹಿಡಿದು, ನಿಂತು, ಮತ್ತೆ ನಡೆದು, ಕಟ್ಟೆ ಮುಟ್ಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೂತವಳು ಸೆರಗಿನಿಂದ ಮುಖ ಒರೆಸಿಕೊಂಡು ಕೈ ಎತ್ತಿದಳು.

ಹೊರಟೆ. ಅಕ್ಕನ ಗುರುತಿನ ಮೇಲೆ ಒಂದೊಂದೇ ಹೆಜ್ಜೆ. ಮರಳು ಕುತ್ತಿಗೆ ಒತ್ತುತ್ತಿತ್ತು. ತಲೆ ತಗ್ಗಿಸಿ ಕಲ್ಲುಗಳನ್ನೇ ನೋಡುತ್ತ ಏರಿದೆ. ಬಿಳಿ ಗೆರೆಗಳು ಬಂದವು, ಅಮ್ಮನ ಶೂ ಕಂಡಿತು, ಅವಳ ಏದುಸಿರು ಕೇಳಿಸಿತು. ಕಾಲು ನಿಧಾನವಾಯಿತು. ಈ ಸಲ ಅದನ್ನು ಬೈಯಲು ನನಗೆ ಮನಸ್ಸೇ ಬರಲಿಲ್ಲ. ಅವಳು ಅಲ್ಲಿ ಕೂತಿರುವಾಗ ದಾಟಿ ಹೋಗುವುದಾದರೂ ಹೇಗೆ?

ಅಮ್ಮ ಕೋಲಿನಿಂದ ಕಲ್ಲು ಕುಟ್ಟಿದಳು.

"ಇಲ್ಲಿ ಸ್ಟಾಪಿಲ್ಲ. ನೀನು ನಡಿ, ನಾನು ಹಿಂದಿಂದ ಬರ್ತೀನಿ."

ನಾನು ಅವಳನ್ನು ದಾಟಿದೆ. ಹೇಳಲು ಇಷ್ಟು ಸುಲಭ. ದಾಟುವಾಗ ಕಣ್ಣಲ್ಲಿ ನೀರು ಬಂದು ದಾರಿ ಮಸುಕಾಯಿತು, ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಕಟ್ಟೆಯಾಚೆಯ ಏರನ್ನು ನಾನು ಓಡಿ ಏರಿದ್ದು ಅದೇ ಮೊದಲು. ಅದು ಕೆಳಗಿನ ಅರ್ಧಕ್ಕಿಂತ ಕಡಿದಲ್ಲ, ಸುಮ್ಮನೆ ಏರು. ನೀಲಿ ಕಿಟಕಿಯ ಮನೆಯ ಬಾಗಿಲಿಗೆ ಅಂಗೈ ಬಡಿದು ನಿಂತೆ. ಆಮೇಲೆ ತಿರುಗಿದೆ. ಕೆಳಗೆ ಅಮ್ಮ ಅಕ್ಕನ ಕೈ ಹಿಡಿದು ಏಳುತ್ತಿದ್ದಳು. ಅವರಿಬ್ಬರೂ ಬಂದು ಮುಟ್ಟುವಷ್ಟರಲ್ಲಿ ನಾನು ಟೀ ಕಾಯಿಸಿಟ್ಟಿದ್ದೆ. ಅಮ್ಮ ಹೊಸ್ತಿಲಲ್ಲಿ ಕೂತು, ಉಸಿರು ಸರಿಯಾದ ಮೇಲೆ, "ಬಿಸಿ ಇದೆಯಾ?" ಎಂದು ಕೇಳಿದಳು. ಟೀ ಕುಡಿದು ನಾನು ಮತ್ತೆ ಇಳಿದೆ, ಮತ್ತೆ ಓಡಿದೆ. ಅಂದು ಅಕ್ಕನ ಬಿಲ್ಲೆ ಜೇಬಿನಿಂದ ಹೊರಗೆ ಬರಲಿಲ್ಲ.

ಪರೀಕ್ಷೆಯ ದಿನ ಅಂಗಳದ ತುಂಬ ಜನ. ಗಾಡಿ ತೊಳೆಯುವ ನೆಪದಲ್ಲಿ ಇಡೀ ಠಾಣೆಯೇ ಬಂದು ನಿಂತಿತ್ತು. ಹೊರಡುವ ಸೀಟಿ ಕೇಳಿತು. ನಾನು ಹೊರಟ ರೀತಿ ನೋಡಿ ಯಾರೋ, "ಮುಗೀತು, ಇವತ್ತು ಮೊದಲ್ನೇ ಮೆಟ್ಟಿಲಿಂದಾನೇ ಸುಸ್ತು" ಎಂದದ್ದು ಕಿವಿಗೆ ಬಿತ್ತು. ಅನ್ನಲಿ. ಅಕ್ಕನ ಗುರುತುಗಳು ನನ್ನ ಕಾಲ ಕೆಳಗೇ ಇದ್ದವು. ಒಂದನೇ ಮಹಡಿ, ಎರಡನೇ ಮಹಡಿ. ಮೂರನೆಯದರ ತಿರುವಿನಲ್ಲಿ, ಮಸಿ ಹಿಡಿದ ಗೋಡೆಯ ಪಕ್ಕ, ಕಾಲು ಹಳೆಯ ಚಾಳಿಯಂತೆ ಒಂದು ಕ್ಷಣ ಅನುಮಾನಿಸಿತು. ಕೋಲು ಕುಟ್ಟಿದ ಸದ್ದು ತಲೆಯೊಳಗೆ ಕೇಳಿಸಿತು. ನಡಿ ಎಂದೆ, ಜೋರಾಗಿ, ಬಾಯಿಬಿಟ್ಟೇ. ನಾಲ್ಕರಲ್ಲಿ ಹೆಗಲು ಉರಿಯಿತು, ಐದರಲ್ಲಿ ಎದೆ ಒಡೆಯುವಂತಾಯಿತು, ಆದರೆ ಕಾಲು ನಿಲ್ಲಲಿಲ್ಲ. ಗಂಟೆಯ ಹಗ್ಗ ಹಿಡಿದು ಎಳೆದೆ. ಒಮ್ಮೆ ಬಾರಿಸಿದರೆ ಸಾಕು, ನಾನು ತೋಳು ಸೋಲುವ ತನಕ ಬಾರಿಸಿದೆ. ಕೆಳಗೆ ಇಣುಕಿದಾಗ ಸೀಟಿ ಸಾಹೇಬರು ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಸಮಯ ಮುಗಿದ ಸೀಟಿಯನ್ನು ಅವರು ಇನ್ನೂ ಊದಿರಲಿಲ್ಲ.

ಕೆಳಗಿಳಿದವಳು ಯಾರ ಜೊತೆಯೂ ಮಾತನಾಡದೆ ನೇರ ಫೋನಿನ ಕೋಣೆಗೆ ನುಗ್ಗಿದೆ. ದಿಂಬಿನ ಮೇಲೆ ಕೂರದೆ, ನಿಂತುಕೊಂಡೇ ಮನೆಗೆ ಫೋನು ಹಚ್ಚಿದೆ. ಅಮ್ಮ ಮೊದಲ ರಿಂಗಿಗೇ ಎತ್ತಿದಳು. ಪಾಸಾ ಫೇಲಾ ಎಂದು ಅವಳು ಕೇಳಲಿಲ್ಲ.

"ಎಲ್ಲಿ ನಿಂತೆ?"

"ಗಂಟೆ ಹತ್ರ ಅಮ್ಮ. ತುದೀಲಿ."

ಆ ಕಡೆ ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಆಮೇಲೆ ಅವಳು ಅಪ್ಪನ ದನಿಯಲ್ಲಿ, ಅವರ ಹಾಗೆಯೇ ರಾಗ ಎಳೆದು, "ಕೊನೇ ಸ್ಟಾಪು, ಎಲ್ಲರೂ ಇಳ್ಕೊಳ್ಳಿ" ಎಂದಳು. ಪೈಪಿನ ಸುರುಳಿ ಇನ್ನೂ ನನ್ನ ಹೆಗಲ ಮೇಲೇ ಇದೆಯೆಂದು ನನಗೆ ಆಗ ಗೊತ್ತಾಯಿತು. ಅದನ್ನು ನೆಲಕ್ಕಿಳಿಸಿದೆ.